ಮರ್ಯಾದಸ್ತ ಮುನೀಮ

"ಸಾಹೇಬ್ರ, ಇದು ಮೂರನೇ ಕಪ್ಪು ಚಾ ರೀ!"

ಅಬ್ರಾರ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ. ಮೆಕ್ಯಾನಿಕ್ ಯಂಕಣ್ಣನ ದನಿ ಯಾವಾಗಲೂ ಬೋರ್‌ವೆಲ್ಲಿನ ತಳದಿಂದ ಕೂಗಿದ ಹಾಗೆ ಇರುತ್ತಿತ್ತು. ಇವತ್ತು ಬೋರ್‌ವೆಲ್ಲೇ ಕೂಗಿದ ಹಾಗಿತ್ತು.

"ಎಲ್ಲಿದ್ದೀಯಪಾ ಈಗ?"

"ಗೋಗ್ಯಾಗ್ರಿ. ದುರಗಪ್ಪನ ಹೊಲದಾಗ."

"ಅಲ್ಲಿ ಎಂಟಕ್ಕಽ ಮೋಟರ್ ರಿಪೇರಿ ಆಗ್ಯಾದಲ್ಲ?"

"ಆಗ್ಯಾದ್ರಿ. ನೀರು ಭುಸ್ ಅಂತ ಬರಾಕತ್ತಾವ. ಎಂಟಕ್ಕ ಮುಗಿಸಿ ಹೊಂಟೆ. ಕೆನಾಲ್ ದಾಟೂದ್ರಾಗ ನಿಮ್ಮ ಮುನೀಮ 'ಗೋಗಿಗೆ ಹೋಗ್ರಿ' ಅಂದ. ಹೊಳ್ಳಿ ಬಂದೆ. ದುರಗಪ್ಪ ಚಾ ಹಿಡಕೊಂಡು ನಿಂತಿದ್ದ. ಕುಡ್ದು ಹೊಂಟೆ. ಮತ್ತ ಕೆನಾಲ್, ಮತ್ತ ಮುನೀಮ. ಹೊಳ್ಳಿ ಬಂದೆ. ಮತ್ತ ಚಾ. ಹಿಂಗಽ ಮೂರು ಸಲ ಆತ್ರಿ. ಈಗ ದುರಗಪ್ಪ ಕೇಳಾಕತ್ತಾನ್ರಿ, 'ಯಂಕಣ್ಣ, ಖರೇ ಹೇಳು, ನಮ್ಮ ಎಮ್ಮಿ ಮ್ಯಾಲ ಕಣ್ಣಿಟ್ಟೀಯೇನು?' ಅಂತ."

ಅಬ್ರಾರ ಕಣ್ಣು ಮುಚ್ಚಿದ. ಎದುರಿನ ಗೋಡೆಯ ಮೇಲಿನ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಹತ್ತಕ್ಕೆ ಕಲಬುರಗಿಯ ದೊಡ್ಡ ಸಾಹೇಬರು ಬರುವವರಿದ್ದರು, ಇದೇ ಮುನೀಮನನ್ನು ನೋಡಲು.

ಮುನೀಮ ಮನುಷ್ಯನಲ್ಲ. ಯಾದಗಿರಿಯ ಭೀಮಾಸಿರಿ ಪಂಪ್ ಸರ್ವಿಸ್ ಕಂಪನಿಗೆ ಎರಡು ಜಾಗಗಳಿದ್ದವು. ಒಂದು ವಿಕಿ. ಅಂದರೆ ಕಂಪ್ಯೂಟರಿನೊಳಗೆ ಎಲ್ಲರೂ ಸೇರಿ ಬರೆಯುವ ಒಂದು ನೋಟ್‌ಬುಕ್ಕು. ಊರಿಗೊಂದು ಪುಟ, ಯಾರ ಹೊಲದ ಯಾವ ಮೋಟಾರು ಯಾವತ್ತು ಸುಟ್ಟಿತು, ಯಾರು ಹೋಗಿ ಸರಿ ಮಾಡಿದರು ಎಂಬುದೆಲ್ಲ ಅಲ್ಲಿ. ಇನ್ನೊಂದು ಕಂಪನಿಯ ಚಾಟ್ ಗ್ರೂಪು. ಹನ್ನೊಂದು ಜನ ಮೆಕ್ಯಾನಿಕ್ಕುಗಳು ದಿನವಿಡೀ ಅಲ್ಲೇ ಬಿದ್ದಿರುತ್ತಿದ್ದರು. ವಿಕಿಯನ್ನು ಯಾರೂ ತೆರೆಯುತ್ತಿರಲಿಲ್ಲ, ಚಾಟನ್ನು ಯಾರೂ ಮುಚ್ಚುತ್ತಿರಲಿಲ್ಲ. ಎರಡರ ನಡುವೆ ಅಬ್ರಾರನಿದ್ದ. ವಿಕಿಗೆ ಬಂದ ದೂರನ್ನು ಚಾಟಿಗೆ ಹಾಕುವುದು, ಚಾಟಿಗೆ ಬಂದ ಉತ್ತರವನ್ನು ವಿಕಿಗೆ ಹಾಕುವುದು, 'ನಮ್ಮವರು ಬರಾಕತ್ತಾರ' ಎಂದು ರೈತನಿಗೆ ಮೆಸೇಜು ಕಳಿಸುವುದು. ಒಂದು ಹೌದಿಯಿಂದ ಇನ್ನೊಂದು ಹೌದಿಗೆ ಚೊಂಬಿನಲ್ಲಿ ನೀರು ಸುರಿದ ಹಾಗೆ. ರಾತ್ರಿ ಎಂಟಾದರೂ ಹೌದಿ ತುಂಬುತ್ತಿರಲಿಲ್ಲ.

ಅವನ ಮನೆ ಶಹಾಪುರದಲ್ಲಿ. ಮುಂಜಾನೆ ಅವನು ಬಸ್ಸು ಹಿಡಿಯುವಾಗ ನಾಲ್ಕು ವರ್ಷದ ಮಗಳು ಮಸರತ ಮಲಗಿರುತ್ತಿದ್ದಳು. ಅವನು ಮರಳಿದಾಗ ಮತ್ತೆ ಮಲಗಿರುತ್ತಿದ್ದಳು. ಅವಳ ಪಾಲಿಗೆ ಅಪ್ಪ ಎಂಬುದು ವಾರಕ್ಕೊಮ್ಮೆ ಕೂಡುವ ಸಂತೆ. ಓಣಿಯ ಮಕ್ಕಳ ಮುಂದೆ ಅವಳು ಅವನನ್ನು 'ಐತಾರದ ಅಬ್ಬಾ' ಎಂದೇ ಕರೆಯುತ್ತಿದ್ದಳು. ಮಿಕ್ಕ ಆರು ದಿನಕ್ಕೆ ಬೇರೆ ಅಬ್ಬಾಗಳು ಇದ್ದಾರೆಯೇ ಎಂದು ಮಕ್ಕಳು ಕೇಳುತ್ತಿದ್ದವು.

ಹೋದ ತಿಂಗಳು ಶಹಾಪುರ ಶಾಖೆಯ ಹಂಪಣ್ಣ ರಿಟೈರಾದರು. ಅವರ ಕುರ್ಚಿ ಖಾಲಿ ಬಿತ್ತು. ಅಬ್ರಾರನ ಮನೆಯಿಂದ ಆ ಕುರ್ಚಿಗೆ ಏಳು ನಿಮಿಷದ ದಾರಿ. ಅವನು ಒಂದು ಐತಾರ ನಡೆದು ನೋಡಿಯೂ ಬಂದಿದ್ದ. ಮ್ಯಾನೇಜರ್ ವಿಶ್ವರಾಧ್ಯರು ಆಗ ಒಂದು ಷರತ್ತು ಹಾಕಿದ್ದರು. "ನೀ ಮಾಡೂ ಕೆಲಸಾನ ಮಿಷನ್ ಮಾಡೂ ಹಂಗ ಮಾಡು. ಮೂರು ವಾರ ಬಿಟ್ಟು ಗುರುವಾರ ಮಹಾದೇವಪ್ಪ ಸಾಹೇಬ್ರು ಬರ್ತಾರ. ಅವರ ಮುಂದ ಹತ್ತರಿಂದ ಐದರ ತನಕ ಯಾರೂ ಕೈ ಹಚ್ಚಲಾರ್ದ ಓಡಬೇಕು. ಓಡ್ತಂದ್ರ ಶಹಾಪುರ ನಿಂದು."

ಮೂರು ವಾರ ಕೂತು ಅಬ್ರಾರ ಮುನೀಮನನ್ನು ಕಟ್ಟಿದ. ವಿಕಿಯಲ್ಲಿ ದೂರು ಬಿದ್ದರೆ ಮುನೀಮ ತಾನೇ ಗ್ರೂಪಿನಲ್ಲಿ ಕೂಗುತ್ತಿದ್ದ. 'ಹೋಗ್ತೀನಿ' ಎಂದು ಯಾರು ಬರೆಯುತ್ತಾರೋ ಅವರಿಗೆ 'ಹೋಗ್ರಿ' ಎಂದು ಹೇಳಿ, ಹೆಸರನ್ನು ಊರಿನ ಪುಟಕ್ಕೆ ಏರಿಸಿ, ರೈತನಿಗೂ ಸುದ್ದಿ ಮುಟ್ಟಿಸುತ್ತಿದ್ದ. ಎಲ್ಲ ಚಂದವಿತ್ತು. ನಿನ್ನೆ ಸಂಜೆ ಮೆಕ್ಯಾನಿಕ್ಕುಗಳನ್ನು ಕೂಡಿಸಿ ತೋರಿಸಿದಾಗ ಯಂಕಣ್ಣ ಕೈ ಕಟ್ಟಿ ನಿಂತುಬಿಟ್ಟ.

"ನಾ ಬರ್ಯಾಂಗಿಲ್ರಿ. ಮುಂಜಾಲಿ ಎದ್ದು 'ಹೋಗ್ತೀನಿ' ಅಂತಾರೇನ್ರಿ ಯಾರರ? ನನ್ನ ಹೆಂಡ್ತಿ ನೋಡಿದ್ಲಂದ್ರ ಕಸಬರಿಗಿ ತಗೋತಾಳ."

"ಹೌದ್ರಿ," ಎಂದು ಸುರಪುರದ ಮನ್ಸೂರಅಲಿ ದನಿಗೂಡಿಸಿದ್ದ. "ಹೊಳ್ಳಿ ಬರಲಾರದಾಂವ ಹೋಗ್ತೀನಿ ಅಂತಾನ. ನಮಗ ಮಕ್ಕಳು ಮರಿ ಅದಾವ."

ಹನ್ನೊಂದು ತಲೆಗಳು ಒಟ್ಟಿಗೆ ಆಡಿದವು. ಅಬ್ರಾರನಿಗೂ ಅದು ಸರಿ ಎನ್ನಿಸಿತು; ಅವನ ಅಮ್ಮಿಯೂ ಆ ಮಾತು ಆಡಗೊಡುತ್ತಿರಲಿಲ್ಲ. ಒಂದೇ ಒಂದು ಪದ ಬದಲಿಸಿದ. 'ಹೋಗ್ತೀನಿ' ಇದ್ದಲ್ಲಿ 'ಬರ್ತೀನಿ' ಇಟ್ಟ. ಎಲ್ಲರೂ ಖುಷಿಯಿಂದ ಮನೆಗೆ ಹೋದರು.

ಈ ಸೀಮೆಯಲ್ಲಿ ಬರುವವನೂ ಬರ್ತೀನಿ ಅನ್ನುತ್ತಾನೆ, ಹೋಗುವವನಂತೂ ಬರ್ತೀನಿ ಅಂತಲೇ ಅನ್ನುತ್ತಾನೆ. ಮುನೀಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಎಂಟಕ್ಕೆ ಯಂಕಣ್ಣ ಕೆಲಸ ಮುಗಿಸಿ, ದೊಡ್ಡವರ ಹತ್ತಿರ ಅಪ್ಪಣೆ ಕೇಳುವಂತೆ, ಗ್ರೂಪಿನಲ್ಲಿ ಬರೆದ: 'ಗೋಗಿ ಆತು. ಬರ್ತೀನ್ರಿ.' ಮುನೀಮ ಓದಿದ. ಗೋಗಿ ಅಂತಾನೆ, ಬರ್ತೀನಿ ಅಂತಾನೆ. ಸರಿ, ಗೋಗಿಗೆ ಹೋಗಲಿ.

"ಯಂಕಣ್ಣ," ಎಂದ ಅಬ್ರಾರ ಫೋನಿನಲ್ಲಿ, "ಇನ್ನ ಮ್ಯಾಲ ಬರ್ತೀನಿ ಅಂತ ಬರೀಬ್ಯಾಡ. ಸುಮ್ಕ ಹೋಗು."

"ಹೇಳಲಾರ್ದ ಹೋಗಲೇನ್ರಿ? ನಾವೇನು ಕಳ್ಳರೇನ್ರಿ?"

ಅಷ್ಟರಲ್ಲಿ ಹೊರಗೆ ಜೀಪಿನ ಬಾಗಿಲು ಬಡಿದ ಸದ್ದಾಯಿತು.

ಮಹಾದೇವಪ್ಪ ಸಾಹೇಬರು ದೊಡ್ಡ ದೇಹದ, ಸಣ್ಣ ದನಿಯ ಮನುಷ್ಯ. ಆಫೀಸಿನ ಹಾಲಿನಲ್ಲಿ ಗೋಡೆಯ ಟಿವಿಗೆ ಅಬ್ರಾರನ ಲ್ಯಾಪ್‌ಟಾಪು ಜೋಡಿಸಿತ್ತು. ಎಡಕ್ಕೆ ಚಾಟು, ಬಲಕ್ಕೆ ವಿಕಿ. ಸಾಹೇಬರು ಟಿವಿಯ ಎದುರು ಸಿನಿಮಾ ನೋಡುವವರ ಹಾಗೆ ಕೂತರು.

"ಇದನ್ನ ಮಾಡಿದಾಂವ ಯಾರು?"

"ಇಂವಾ ಅಬ್ರಾರ ರೀ," ಎಂದರು ವಿಶ್ವರಾಧ್ಯರು.

"ಇಂವಾ ಇಲ್ಲೇ ಇದ್ರ ನನಗ ಹ್ಯಾಂಗ ಗೊತ್ತಾಗಬೇಕು, ಮಿಷನ್ ಓಡಾಕತ್ತಾದೋ ಇಂವಾ ಓಡಸಾಕತ್ತಾನೋ? ಹೊರಗ ಕಳಿಸ್ರಿ."

"ಲ್ಯಾಪ್‌ಟಾಪಿನ್ಯಾಗ ಸಣ್ಣದೊಂದು ಪದ..." ಎಂದು ಅಬ್ರಾರ ಶುರು ಮಾಡಿದ.

"ಲ್ಯಾಪ್‌ಟಾಪ್ ಮುಟ್ಟಬ್ಯಾಡ!" ವಿಶ್ವರಾಧ್ಯರು ಅವನ ತೋಳು ಹಿಡಿದು ಬಾಗಿಲ ತನಕ ಸಾಗಿಸಿದರು. ಕಿವಿಯಲ್ಲಿ ಪಿಸುಗುಟ್ಟಿದರು. "ಶಹಾಪುರಕ್ಕ ಹೋಗಿ ಕುಂದ್ರು. ಹೆಂಗೂ ನಿನ್ನ ಕುರ್ಚಿ ಅಲ್ಲೇ ಅದ. ಸಂಜಿಕಿ ಐದಕ್ಕ ಅಲ್ಲಿಂದ ವಿಡಿಯೋದಾಗ ಮಾತಾಡೂಣ. ನನ್ನ ಮಾನ ನಿನ್ನ ಕೈಯಾಗ ಅದ ನೋಡಪಾ."

ಹತ್ತೂ ಹತ್ತರ ಬಸ್ಸಿನಲ್ಲಿ ಅಬ್ರಾರನಿಗೆ ಕಿಟಕಿಯ ಸೀಟು ಸಿಗಲಿಲ್ಲ. ಕಿಟಕಿಯಲ್ಲಿ ಮಸ್ತಾನಬಿ ಎಂಬ ಮುದುಕಿ ಮಡಿಲಲ್ಲಿ ಬಳೆಯ ಗಂಟು ಇಟ್ಟುಕೊಂಡು ಕೂತಿದ್ದಳು. ಅವನು ಪಕ್ಕದಲ್ಲಿ ಕುಸಿದು ಫೋನು ತೆಗೆದ. ಭೀಮಾ ಸೇತುವೆ ಬರುವಷ್ಟರಲ್ಲಿ ಮೂರು ಜನ 'ಬರ್ತೀನ್ರಿ' ಎಂದಿದ್ದರು. ಮೂವರನ್ನೂ ಮುನೀಮ ಬಂದ ದಾರಿಗೇ ಅಟ್ಟಿದ್ದ. ಮನ್ಸೂರಅಲಿ ಸುರಪುರದ ಹತ್ತಿರದ ಒಂದೇ ಹಳ್ಳಿಗೆ ಗಾಣದ ಎತ್ತಿನಂತೆ ಎರಡು ಸುತ್ತು ಹೊಡೆದಿದ್ದ.

ಪದ ಬದಲಿಸಲು ಲ್ಯಾಪ್‌ಟಾಪು ಬೇಕು. ಫೋನಿನಲ್ಲಿ ಇದ್ದದ್ದು ಒಂದೇ ಗುಂಡಿ: ಮುನೀಮ ಚಾಲೂ, ಮುನೀಮ ಬಂದ್. ಅಬ್ರಾರ ಬಂದ್ ಒತ್ತಿದ. ಎರಡು ನಿಮಿಷ ಎದೆ ಹಗುರಾಯಿತು. ಮೂರನೇ ನಿಮಿಷಕ್ಕೆ ವಿಶ್ವರಾಧ್ಯರ ಫೋನು ಬಂತು. ಅವರು ಎಲ್ಲೋ ಬಚ್ಚಲಿನಿಂದ ಮಾತಾಡುತ್ತಿದ್ದರು, ದನಿ ಗುಂಯ್ ಅನ್ನುತ್ತಿತ್ತು.

"ಮುನೀಮ ಮಾತಾಡವಲ್ಲಲ್ಲೋ! ಸಾಹೇಬ್ರು 'ಸತ್ತದೇನು?' ಅಂತ ಕೇಳಾಕತ್ತಾರ!"

"ಈಗ ಮಾತಾಡ್ತದ್ರಿ," ಎಂದ ಅಬ್ರಾರ.

ಇನ್ನೊಂದೇ ದಾರಿ ಉಳಿದಿತ್ತು. ಮುನೀಮನ ಹೆಸರಿನ ಖಾತೆಯ ಪಾಸ್‌ವರ್ಡು ಅವನ ಹತ್ತಿರವೇ ಇತ್ತು. ಫೋನಿನಲ್ಲಿ ಮುನೀಮನಾಗಿ ಒಳಹೊಕ್ಕ. ಯಂಕಣ್ಣ ನಾಲ್ಕನೇ ಸಲ 'ಬರ್ತೀನ್ರಿ' ಎಂದು ಬರೆದು ಕಾಯುತ್ತಿದ್ದ, ಹೊಡೆತಕ್ಕೆ ಕಾಯುವ ಹಾಗೆ. ಅಬ್ರಾರನ ಹೆಬ್ಬೆರಳು ತನ್ನಷ್ಟಕ್ಕೆ ಉತ್ತರ ಒತ್ತಿತು: 'ಹೋಗಿ ಬರ್ರಿ.'

ಮತ್ತೆ ವಿಶ್ವರಾಧ್ಯರು. "ಏ, ಏನು ಮಾಡೀಯೋ ಮಾರಾಯ! ಸಾಹೇಬ್ರು ಕುರ್ಚಿಯಿಂದ ಎದ್ದು ನಿಂತಾರ. 'ಬರ್ತೀನಿ ಅಂದ್ರ ಹೋಗಿ ಬರ್ರಿ ಅಂತದ, ನನ್ನ ಸ್ವಂತ ಅಳಿಯ ಅನ್ನಾಂಗಿಲ್ಲ' ಅಂತಾರ. ಹಿಂಗಽ ಓಡಿಸು. ಅಂದ್ರ, ಓಡಸಬ್ಯಾಡ. ತಾನಽ ಓಡಲಿ."

ಹೀಗೆ ಅಬ್ರಾರ ಮುನೀಮನಾದ. ದೂರು ಬಂತು, ಚಾಟಿಗೆ ಹಾಕಿದ. ಉತ್ತರ ಬಂತು, ವಿಕಿಯ ಪುಟಕ್ಕೆ ಏರಿಸಿದ. ರೈತನಿಗೆ ಮೆಸೇಜು. ನಿನ್ನೆಯ ತನಕ ಮಾಡುತ್ತಿದ್ದ ಕೆಲಸವೇ. ಆದರೆ ಈಗ ಯಂತ್ರದ ವೇಗದಲ್ಲಿ ಮಾಡಬೇಕಿತ್ತು, ಅದೂ ಕುಲುಕುವ ಬಸ್ಸಿನಲ್ಲಿ. ಪಕ್ಕದ ಮಸ್ತಾನಬಿ ಬಹಳ ಹೊತ್ತಿನಿಂದ ಅವನ ಬೆರಳುಗಳನ್ನು ನೋಡುತ್ತಿದ್ದಳು.

"ಯಾರಿಗಿ ಇಷ್ಟು ಬರ್ಯಾಕತ್ತೀ, ಬೇಟಾ?"

"ಹನ್ನೊಂದು ಮಂದಿಗಿ, ಖಾಲಾ."

"ತೋಬಾ! ಒಬ್ಬಾಕಿಗಿ ಬರದ್ರ ಸಾಲದೇನು?"

"ಗಂಡಸರಿಗಿ, ಖಾಲಾ. ಕೆಲಸದ ಮಾತು."

ಅವಳು ಕನ್ನಡಕ ಏರಿಸಿ ಬಾಗಿದಳು. ಗುಂಡಗಿನ ಅಕ್ಷರವಾದರೆ ಅವಳಿಗೆ ಓದಲು ಬರುತ್ತಿತ್ತು. 'ಮನ್ಸೂರಅಲಿ, ರುಕ್ಮಾಪುರಕ್ಕ ಹೋಗ್ರಿ' ಎಂದಿತ್ತು.

"ಹಿಂಗ ಬರೀತಾರೇನು? ಹೊತ್ತು ಹನ್ನೊಂದಾತು. ಮನಷ್ಯಾ ನಾಷ್ಟಾ ಮಾಡ್ಯಾನೋ ಇಲ್ಲೋ ಕೇಳು ಮೊದಲ."

ಅಬ್ರಾರನಿಗೆ ವಾದಿಸುವಷ್ಟು ಪುರುಸೊತ್ತಿರಲಿಲ್ಲ. ಅವಳು ಹೇಳಿದಂತೆಯೇ ಬರೆದ: 'ಮನ್ಸೂರಅಲಿ, ನಾಷ್ಟಾ ಆತೇನ್ರಿ? ಆಗಿದ್ರ ರುಕ್ಮಾಪುರಕ್ಕ ಹೋಗಿ ಬರ್ರಿ.' ಶಹಾಪುರ ಮುಟ್ಟುವ ತನಕ ಮಸ್ತಾನಬಿ ಪಕ್ಕದಿಂದ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಬಿಸಿಲಿಗೆ ತಲೆಗೆ ವಲ್ಲಿ ಸುತ್ತಿಕೊಳ್ಳಲು ಹೇಳಿದ. ಜ್ವರ ಎಂದವನಿಗೆ ಮನೆಗೆ ಹೋಗಲು ಹೇಳಿದ. ಒಬ್ಬ ಮೆಕ್ಯಾನಿಕ್ಕು ತನ್ನ ಹೆಂಡತಿಗೆ ಎರಡನೇ ಹೆರಿಗೆ ಎಂದು ಬರೆದಾಗ, ಮುನೀಮ ಬಾಣಂತಿಗೆ ಅಳವಿ ಪಾಯಸ ಮಾಡುವ ಬಗೆಯನ್ನು ಆರು ಸಾಲಿನಲ್ಲಿ ವಿವರಿಸಿದ.

ಶಹಾಪುರ ಶಾಖೆ ಎಂದರೆ ಒಂದೇ ಕೋಣೆ. ಎರಡು ಮೇಜು, ಒಂದು ಫ್ಯಾನು, ಗೋಡೆಗೆ ಒರಗಿಸಿದ ಪೈಪುಗಳು. ಒಂದು ಮೇಜಿಗೆ ಶಾಖೆಯ ಮುಖ್ಯಸ್ಥೆ ಗೊಲ್ಲಾಳಮ್ಮ. ಐವತ್ತೈದರ ಹೆಂಗಸು, ಮೊಣಕಾಲು ನೋವು, ಮಾತು ನೇರ, ಮನಸ್ಸು ಮೆತ್ತಗೆ. ಹಂಪಣ್ಣ ಹೋದ ಮೇಲೆ ಒಬ್ಬಳೇ ಮಾತಾಡುವವರಿಲ್ಲದೆ ಪೈಪುಗಳ ಜೊತೆ ಮಾತಾಡುವ ಮಟ್ಟಕ್ಕೆ ಬಂದಿದ್ದಳು.

"ಬಾರಪಾ ಅಬ್ರಾರ! ಕುಂದ್ರು, ಇದಽ ನಿನ್ನ ಕುರ್ಚಿ. ನೀರು ಕುಡಿ."

"ಹ್ಞೂಂ," ಎಂದು ಅವನು ಕೂತ. ನೀರಿನ ಲೋಟ ಅವನ ಎದುರು ಬಂದು ನಿಂತಿತು. ಅದು ಸಂಜೆಯ ತನಕ ಹಾಗೆಯೇ ನಿಂತಿತ್ತು.

"ನಿನ್ನ ಹೆಂಡ್ತಿ ಕಹಕಶಾ ಹ್ಯಾಂಗದಾಳ?"

"ಹ್ಞೂಂ."

"ಮಗಳು ಸಾಲಿಗಿ ಹೊಂಟಾಳೇನು?"

"ಹ್ಞೂಂ."

ಗೊಲ್ಲಾಳಮ್ಮ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. "ನಿಮ್ಮ ಮನಿಗಿ ಬೆಂಕಿ ಹತ್ಯಾದಂತ."

"ಹ್ಞೂಂ, ಚಲೋ ಆತ್ರಿ," ಎಂದ ಅಬ್ರಾರ, ತಲೆ ಎತ್ತದೆ.

ಅವಳು ಕೈ ಕೊಡವಿದಳು. ಕುರ್ಚಿ ಬದಲಿಸಲು ಎದ್ದವಳು ಮೊಣಕಾಲು ಹಿಡಿದು "ಅಯ್ಯಯ್ಯೋ ಶಿವನೇ" ಎಂದು ನರಳಿದಳು. ಆಮೇಲೆ ತನ್ನ ಫೋನು ತೆಗೆದು ಗ್ರೂಪಿನಲ್ಲಿ ಒಂದು ದೂರು ಬರೆದಳು: 'ಶಹಾಪುರಕ್ಕ ಎರಡಿಂಚಿನ ವಾಲ್ವ್ ಬಂದಿಲ್ಲ.' ಅರ್ಧ ನಿಮಿಷಕ್ಕೆ ಉತ್ತರ ಬಂತು. ಮೇಜಿನ ಆಚೆ ಕೂತವನ ಬೆರಳಿನಿಂದ ಹೊರಟು, ಎಲ್ಲೆಲ್ಲೋ ಆಕಾಶ ಸುತ್ತಿ, ಮೇಜಿನ ಈಚೆ ಬಂದು ಬಿತ್ತು.

'ನಾಳಿ ಮುಂಜಾಲಿ ಕಳಸ್ತೀವ್ರಿ ಅಕ್ಕಾರ. ನೀವು ಬಾಳ ಏಳಬ್ಯಾಡ್ರಿ, ಮೊಣಕಾಲಿಗಿ ಬಿಸಿ ನೀರಿನ ಶಾಖ ಕೊಡ್ರಿ.'

ಗೊಲ್ಲಾಳಮ್ಮನ ಮುಖ ದೀಪ ಹಚ್ಚಿದಂತಾಯಿತು.

"ಯಪ್ಪಾ! ನೋಡೋ ಅಬ್ರಾರ. ಈ ಮಿಷನ್ನಿಗಿ ನನ್ನ ಮೊಣಕಾಲ ಸುದ್ದಿ ಹ್ಯಾಂಗ ಮುಟ್ಟಿತು?"

"ಹ್ಞೂಂ."

"ಇಪ್ಪತ್ತೆರಡು ವರ್ಷ ಇಲ್ಲಿ ದುಡದೀನಿ. ಒಬ್ಬರರ ಕೇಳ್ಯಾರೇನು?" ಅವಳು ಮತ್ತೆ ಬರೆದಳು: 'ಮುನೀಮರ, ನಿಮ್ಮದು ಊಟ ಆತೇನ್ರಿ?'

ಮುನೀಮರದ್ದು ಊಟ ಆಗಿರಲಿಲ್ಲ. ಮುಂಜಾನೆ ಐದೂವರೆಗೆ ತಿಂದ ಅರ್ಧ ರೊಟ್ಟಿ ಕೆನಾಲ್ ದಾಟಿ ಎಂದೋ ಹೋಗಿತ್ತು. ಅದೇ ಹೊತ್ತಿಗೆ ಹೆಂಡತಿ ಕಹಕಶಾಳ ಮೆಸೇಜೂ ಬಂತು: 'ಶಹಾಪುರದಲ್ಲೇ ಇದ್ದೀರಂತಲ್ಲ, ಗೊಲ್ಲಾಳಮ್ಮ ಫೋನ್ ಮಾಡಿದ್ರು. ಊಟಕ್ಕೆ ಬರ್ತೀರಾ?' ಅಬ್ರಾರ ಹೆಂಡತಿಗೆ ಬರೆದ. ಬೆರಳು ಚಾಟಿನ ಕಿಟಕಿ ತಪ್ಪಿತು. ಮುನೀಮನ ಹೆಸರಿನಲ್ಲಿ, ಇಡೀ ಗ್ರೂಪಿಗೆ, ಯಾದಗಿರಿಯ ಗೋಡೆಯ ಟಿವಿಗೆ ಸಹ ಹೋಯಿತು:

'ಹೊಟ್ಟಿ ಬಾಳ ಹಸದಾದ. ಇಲ್ಲಿಂದ ಏಳಾಕ ಬರಂಗಿಲ್ಲ. ಜರಾ ಡಬ್ಬಿ ಕಳಸು ಜಾನ್.'

ಗ್ರೂಪು ಒಮ್ಮೆಲೇ ಒಡೆಯಿತು. ಗೋಗಿಯಿಂದ ಕೊನೆಗೂ ಬಿಡುಗಡೆಯಾಗಿದ್ದ ಯಂಕಣ್ಣ ಮೊದಲು ಬರೆದ: 'ಮುನೀಮರ, ನನ್ನ ಬುತ್ತ್ಯಾಗ ಎರಡು ರೊಟ್ಟಿ ಉಳದಾವ್ರಿ, ಎಲ್ಲಿಗಿ ತರಲಿ?' ಮನ್ಸೂರಅಲಿ: 'ಜಾನ್ ಅಂದದ್ದು ಯಾರಿಗ್ರಿ?' ಒಬ್ಬೊಬ್ಬರೂ ಅದು ತನಗಲ್ಲ ಎಂದು ಬರೆಯತೊಡಗಿದರು.

ವಿಶ್ವರಾಧ್ಯರ ಫೋನು ಬರಲು ಹತ್ತು ಸೆಕೆಂಡೂ ಹಿಡಿಯಲಿಲ್ಲ. ಮತ್ತೆ ಬಚ್ಚಲು.

"ಅದಕ್ಕ ಹಸಿವಿ ಹ್ಯಾಂಗ ಆಗ್ತದೋ!"

"ಬ್ಯಾಟರಿ... ಚಾರ್ಜ್ ಕಡಿಮಿ ಆಗ್ಯಾದಂತ ಹೇಳ್ರಿ," ಎಂದು ಪಿಸುಗುಟ್ಟಿದ ಅಬ್ರಾರ ಎದ್ದು ಪೈಪುಗಳ ಹಿಂದೆ ಹೋಗಿ. "ಹಂಗ ಹೇಳಾಕ ಕಲಿಸೀನಿ."

"ಜಾನ್ ಅಂದ್ರೇನೋ ಮತ್ತ?"

"ಜಾನ್ ಅಂದ್ರ ಜೀವ. ಅಂದ್ರ ಕರೆಂಟ್ ರೀ."

ಅತ್ತ ವಿಶ್ವರಾಧ್ಯರು ಹಾಲಿಗೆ ಹೋಗಿ ಅದನ್ನೇ ಹೇಳಿದರು. ನಂತರ ಹಾಲಿನಿಂದ ಸಾಹೇಬರ ನಗು ತೇಲಿ ಬಂತು. ಅವರಿಗೆ ಅದು ಬಹಳ ಹಿಡಿಸಿತ್ತು. ತಾವೇ ಬಗ್ಗಿ ಲ್ಯಾಪ್‌ಟಾಪಿಗೆ ಚಾರ್ಜರು ಚುಚ್ಚಿ, 'ತಗೋಪಾ, ಉಣ್ಣು' ಅಂದರಂತೆ.

ಒಂದೂವರೆಗೆ ಕಹಕಶಾ ತಾನೇ ಡಬ್ಬಿ ಹಿಡಿದು ಬಂದಳು. ಪಕ್ಕದಲ್ಲಿ ಮಸರತ, ಕಾಲಲ್ಲಿ ಒಂದೇ ಚಪ್ಪಲಿ. ಹೊಸ್ತಿಲಲ್ಲಿ ಅಪ್ಪನನ್ನು ಕಂಡವಳು ಬೆರಗಾಗಿ ನಿಂತಳು. ಗುರುವಾರದ ಮಟಮಟ ಮಧ್ಯಾಹ್ನದಲ್ಲಿ, ಎಚ್ಚರವಿದ್ದಾಗ, ಶರ್ಟು ಹಾಕಿದ ಅಪ್ಪನನ್ನು ಅವಳು ಇದೇ ಮೊದಲು ನೋಡುತ್ತಿದ್ದದ್ದು.

"ಅಮ್ಮೀ, ಆಜ್ ಇತವಾರ್ ಹೈ ಕ್ಯಾ?"

ಇವತ್ತು ಐತಾರವೇ ಎಂದು ಕೇಳಿದ ಮಗಳ ಪ್ರಶ್ನೆಗೆ ಅಬ್ರಾರನ ಬೆರಳು ನಿಂತಿತು. ತಲೆ ಎತ್ತಿದ. ದಿನಾ ಹೀಗೆಯೇ ಬರಬಹುದು ಇವಳು, ಅನ್ನಿಸಿತು. ಏಳು ನಿಮಿಷ ನಡೆದು, ಒಂದೇ ಚಪ್ಪಲಿಯಲ್ಲಾದರೂ. ಇನ್ನು ಮೂರೂವರೆ ತಾಸು. ಮೂರೂವರೆ ತಾಸು ಮುನೀಮನಾಗಿದ್ದರೆ ಆಯಿತು. ಬಾ ಎಂದು ಕೈ ಚಾಚುವಷ್ಟರಲ್ಲಿ ಫೋನು ಒಮ್ಮೆಲೇ ಏಳು ಸಲ ಟಿಂಗ್ ಎಂದಿತು. ತಲೆ ಮತ್ತೆ ಬಗ್ಗಿತು.

"ಮಗಳು ಕರ್ಯಾಕತ್ತಾಳ ನೋಡೋ!" ಎಂದಳು ಗೊಲ್ಲಾಳಮ್ಮ.

"ಹ್ಞೂಂ."

ಡಬ್ಬಿಯನ್ನು ಗೊಲ್ಲಾಳಮ್ಮ ಮತ್ತು ಮಸರತ ಇಬ್ಬರೂ ಉಂಡರು. ಅಬ್ರಾರ ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ಮರೆತು, ಎರಡರ ತನಕ ಹಾಗೆಯೇ ಕೂತಿದ್ದ. ಹೋಗುವಾಗ ಕಹಕಶಾ ಅವನ ಮುಂದೆ ನಿಂತು ನೋಡಿ, ಖಾಲಿ ಡಬ್ಬಿಯ ಮುಚ್ಚಳ ಬಡಿದು ಮುಚ್ಚಿದಳು. ಆ ಸದ್ದಿಗಿಂತ ಏಳು ಟಿಂಗ್ ಹಗುರಾಗಿತ್ತು.

ಮಧ್ಯಾಹ್ನವಿಡೀ ಹಾಗೇ ಸಾಗಿತು. ನಾಲ್ಕಕ್ಕೆ ಅವನ ಹೆಬ್ಬೆರಳು ಬಾತು ಬದನೆಕಾಯಿಯಾಗಿತ್ತು. ಆದರೆ ಒಂದು ದೂರೂ ಉಳಿದಿರಲಿಲ್ಲ. ವಿಕಿಯ ಪುಟಗಳೆಲ್ಲ ತುಂಬಿದ್ದವು. ಗೊಲ್ಲಾಳಮ್ಮ ಮತ್ತು ಮುನೀಮರ ನಡುವೆ ಮೊಣಕಾಲು, ಮಳೆ, ಜೋಳದ ರೊಟ್ಟಿ, ಅವಳ ತೀರಿಹೋದ ಅಣ್ಣ ಎಲ್ಲದರ ಮೇಲೂ ಮಾತುಕತೆ ಮುಗಿದಿತ್ತು. ಅಣ್ಣನ ಸುದ್ದಿಗೆ ಮುನೀಮ 'ಅಂಥಾ ಮನಷ್ಯಾ ಹೊಳ್ಳಿ ಸಿಗಾಂಗಿಲ್ರಿ ಅಕ್ಕಾರ' ಎಂದು ಬರೆದಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಅವಳ ಅಣ್ಣನನ್ನು ಅಬ್ರಾರ ನಿಜಕ್ಕೂ ಬಲ್ಲ. ಅವನಿಗೆ ಸೈಕಲ್ಲು ಹೊಡೆಯಲು ಕಲಿಸಿದವನೇ ಆತ.

ಐದಕ್ಕೆ ವಿಡಿಯೋ ಬಂತು. ಗೊಲ್ಲಾಳಮ್ಮ ತನ್ನ ಫೋನನ್ನು ಪೈಪಿಗೆ ಒರಗಿಸಿದಳು. ಪರದೆಯಲ್ಲಿ ಸಾಹೇಬರ ಮುಖ ಹಬ್ಬದ ಹೋಳಿಗೆಯಂತೆ ಅಗಲವಾಗಿತ್ತು. ಹಿಂದೆ ವಿಶ್ವರಾಧ್ಯರು ಎರಡೂ ಕೈ ಜೋಡಿಸಿ ನಿಂತಿದ್ದರು.

"ಅಬ್ರಾರ, ಶಾಬಾಸ್! ನೀ ಇಲ್ಲಿಂದ ಮೂವತ್ತೈದು ಕಿಲೋಮೀಟರ್ ದೂರ ಸುಮ್ಕ ಕುಂತೀದಿ, ಇಲ್ಲಿ ಎಲ್ಲಾ ತಾನಽ ಓಡೇದ. ನಾ ಹಿಂತಾದ್ದು ನೋಡಿಲ್ಲ. ಗೋಗಿಯಿಂದ ಆ ದುರಗಪ್ಪ ಫೋನ್ ಮಾಡಿದ್ದ. 'ರಿಪೇರಿ ಮಾಡಿದ ಮ್ಯಾಲ ಮೂರು ಸಲ ಹೊಳ್ಳಿ ಬಂದು ಮೋಟರ್ ಹ್ಯಾಂಗದ ಅಂತ ನೋಡೂ ಕಂಪನಿ ನಿಮ್ಮದೊಂದಽ' ಅಂದ. ನಮ್ಮ ವಿಶ್ವರಾಧ್ಯರು ಶಹಾಪುರದ ಕುರ್ಚಿ ಸುದ್ದಿ ಹೇಳಿದ್ರು."

ಅಬ್ರಾರ ಎದ್ದು ನಿಂತ. ಕುರ್ಚಿಯ ಕೈಯನ್ನು ಹಿಂದಿನಿಂದ ಬೆರಳಲ್ಲಿ ಮುಟ್ಟಿದ.

"ಆ ಕುರ್ಚಿಗಿ," ಎಂದರು ಸಾಹೇಬರು, "ನಾ ಮುನೀಮನ್ನ ಹಾಕೀನಿ."

"...ರೀ?"

"ಇಂಥಾ ಮಿಷನ್ ಇರೂವಾಗ ಅಲ್ಲಿ ಮತ್ತೊಬ್ಬ ಮನಷ್ಯಾ ಯಾಕ ಬೇಕು? ನೀ ಯಾದಗಿರ್ಯಾಗ ಇದರ ಮಗ್ಗಲದಾಗ ಇರು. ಇದರ ಚಾರ್ಜು ಗೀರ್ಜು ನೋಡಕೋ. ಇದು ಇಲ್ಲಿ ಇರೂ ತನಕ ನೀ ಇಲ್ಲಿಂದ ಅಲಗಾಡಬಾರದು."

ಅಬ್ರಾರನಿಗೆ ಕಾಲಡಿಯ ಫರಶಿ ಬಸ್ಸಿನಂತೆ ಕುಲುಕಿತು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ.

"ಸಾಹೇಬ್ರ, ಮಾಫ್ ಮಾಡ್ರಿ. ಮುನೀಮ ಮುಂಜಾಲಿ ಹತ್ತೂವರಿಗೇ ಬಂದ್ ಆಗ್ಯಾನ. ಅಲ್ಲಿಂದ ಇಲ್ಲಿ ತನಕ ಬರದದ್ದೆಲ್ಲಾ ನಾನಽ ರೀ. ಈ ಬೆರಳಿಲೆ."

ವಿಶ್ವರಾಧ್ಯರ ಮುಖ ಸುಣ್ಣವಾಯಿತು. ಸಾಹೇಬರು ಹೊಟ್ಟೆ ಕುಲುಕಿಸಿ ನಕ್ಕರು.

"ಸುಳ್ಳು ಹೇಳಬ್ಯಾಡೋ. ಮೂವತ್ತು ವರ್ಷ ಸರ್ವಿಸ್ ಮಾಡೀನಿ. ನಮ್ಮ ಕಂಪನ್ಯಾಗ ಒಬ್ಬ ಮನಷ್ಯಾ ಇನ್ನೊಬ್ಬರ ಮೊಣಕಾಲ ಕೇಳಿದ್ದು ನಾ ನೋಡಿಲ್ಲ. ಇದು ಮಿಷನ್ನಽ."

"ಅಕ್ಕಾರ, ನೀವರ ಹೇಳ್ರಿ!" ಅಬ್ರಾರ ಗೊಲ್ಲಾಳಮ್ಮನ ಕಡೆ ತಿರುಗಿದ. "ನಿಮ್ಮ ಮುಂದಽ ಕುಂತು ಬರದೀನಲ್ರಿ!"

"ನೀನಾ?" ಗೊಲ್ಲಾಳಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

ಅವನು ಅವಳ ಕಣ್ಣೆದುರೇ ಬಾತ ಹೆಬ್ಬೆರಳಿನಿಂದ ಒತ್ತಿದ. ಮುನೀಮನ ಹೆಸರಿನಲ್ಲಿ ಗ್ರೂಪಿಗೆ ಬಂತು: 'ಅಕ್ಕಾರ, ನಾ ಮಿಷನ್ ಅಲ್ರಿ. ನಾ ಅಬ್ರಾರ.'

ಗೊಲ್ಲಾಳಮ್ಮ ಓದಿದಳು. ಇನ್ನೊಮ್ಮೆ ಓದಿದಳು. ಅವಳ ಕಣ್ಣು ಮತ್ತೆ ಒದ್ದೆಯಾಯಿತು.

"ನೋಡ್ರಿ ಸಾಹೇಬ್ರ, ಎಂಥಾ ಮನಸ ಅದಕ್ಕ! ಇಂವನ ಕುರ್ಚಿ ಹೋತಂತ ಇಂವನ ಪರವಾಗಿ ಸುಳ್ಳು ಹೇಳಾಕತ್ತಾದ."

"ಹೌದಲ್ಲ!" ಎಂದರು ಸಾಹೇಬರು, ದನಿ ಗದ್ಗದವಾಗಿ.

"ಆದ್ರ ಅಮ್ಮಾ," ಎಂದರು ವಿಶ್ವರಾಧ್ಯರು ಹಿಂದಿನಿಂದ, ಮಾನ ಉಳಿದ ಖುಷಿಯಲ್ಲಿ ತುಸು ಧಾರಾಳವಾಗಿ, "ಹುಡುಗನೂ ಬಾಳ ಆಸೆ ಇಟಗೊಂಡಾನ. ಸಾಹೇಬ್ರು ಒಪ್ಪಿದ್ರ..."

ಸಾಹೇಬರು ಗಲ್ಲ ಕೆರೆದುಕೊಂಡರು. ಒಳ್ಳೆಯ ದಿನದ ಕೊನೆಗೆ ಅವರಿಗೆ ಯಾರನ್ನೂ ಅಳಿಸಿ ಕಳಿಸುವ ಮನಸ್ಸಿರಲಿಲ್ಲ.

"ಆತು, ಗೊಲ್ಲಾಳಮ್ಮ. ಶಾಖೆ ನಿಮ್ದು, ಮಾತು ನಿಮ್ದು. ಮುನೀಮ ಅಂತೂ ಬರ್ತಾನ. ಜೋಡಿಗಿ ಈ ಅಬ್ರಾರನ್ನೂ ಕೊಡ್ತೀನಿ. ಇಂವನ ಪಗಾರ ಯಾದಗಿರಿ ಆಫೀಸಿನ ಮ್ಯಾಲ. ನಿಮಗೇನೂ ಖರ್ಚಿಲ್ಲ. ನಾಳಿಂದಽ ಬಂದು ಕುಂದ್ರಲಿ. ಏನಂತೀರಿ?"

ಅಬ್ರಾರನಿಗೆ ಏಳು ನಿಮಿಷದ ದಾರಿ ಪೂರಾ ಕಣ್ಣ ಮುಂದೆ ಬಂತು, ಕಿರಾಣಿ ಅಂಗಡಿ, ಮುರಿದ ನಲ್ಲಿ, ಹಸಿರು ಬಾಗಿಲು. ಗೊಲ್ಲಾಳಮ್ಮ ಅವನನ್ನು ಚಿಕ್ಕಂದಿನಿಂದ ಬಲ್ಲವಳು. ಅವನ ಮದುವೆಯಲ್ಲಿ ಎರಡು ದಿನ ಪಾತ್ರೆ ತಿಕ್ಕಿಸಿದವಳು. ಅವನು ಅವಳ ಕಡೆ ನೋಡಿ ಕೈ ಜೋಡಿಸಿದ.

ಅವಳು ಮುಟ್ಟದೆ ಉಳಿದ ನೀರಿನ ಲೋಟ ನೋಡಿದಳು. ಅವನನ್ನು ನೋಡಿದಳು. ಕನಿಕರವಿತ್ತು, ಆದರೆ ಇಪ್ಪತ್ತೆರಡು ವರ್ಷದ ಅನುಭವವೂ ಇತ್ತು.

"ಮುಂಜಾಲಿಂದ ಇದಽ ಕೋಣ್ಯಾಗ ಕುಂತಾನ್ರಿ ಸಾಹೇಬ್ರ. ನೂರು ಮಾತು ಆಡೀನಿ, ಒಂದಕ್ಕರ ನೆಟ್ಟಗ ಉತ್ತರ ಕೊಟ್ಟಿಲ್ಲ. ಹೆತ್ತ ಮಗಳು ಬಂದು ನಿಂತ್ರ ತಲಿ ಎತ್ತಿಲ್ಲ. ಮನಿಗಿ ಬೆಂಕಿ ಹತ್ಯಾದ ಅಂದ್ರ ಚಲೋ ಆತ್ರಿ ಅಂತಾನ. ಅದು ಮಿಷನ್ ಇದ್ದು ಮನಷ್ಯಾನ್ಹಂಗ ಅದ, ಇಂವಾ ಮನಷ್ಯಾ ಇದ್ದು ಮಿಷನ್ ಆಗ್ಯಾನ."

"ಪುಕ್ಕಟ ಕೊಡಾಕತ್ತೀನಿ, ಅಮ್ಮಾ."

"ಮುನೀಮರು ಸಾಕ್ರಿ," ಎಂದಳು ಗೊಲ್ಲಾಳಮ್ಮ. "ಇಂವಾ ಬ್ಯಾಡ."